ಪೂವಯ್ಯನವರ ಎಡಗೈ ಕೋವಿ

ನಾನು ಮೈಸೂರಿನ ಸಾರು-ಅನ್ನದ ಜನ. ಕೋವಿ ಅಂಗಡಿಯ ಮೆಟ್ಟಿಲು ಹತ್ತುತ್ತೇನೆಂದು ಕನಸಿನಲ್ಲೂ ಎಣಿಸಿದವಳಲ್ಲ. ಹತ್ತಿಸಿದವರು ಅಡಿಲೇಡಿನ ಕಿಲ್ಬರ್ನಿನಲ್ಲಿ ನಮ್ಮ ಪಕ್ಕದ ಮನೆಯ ಪೂವಯ್ಯ. ಕೊಡಗಿನವರು, ಲಾರಿ ರಿಪೇರಿ ಶೆಡ್ಡಿನಲ್ಲಿ ಕೆಲಸ. ಮಾತು ಕಮ್ಮಿ, ಹಟ ಜಾಸ್ತಿ. ರಜೆ ಬಂತೆಂದರೆ ಊರಾಚೆಯ ಕುರಿ ಫಾರ್ಮಿಗೆ ಹೋಗಿ, ಮರಿ ಹಿಡಿಯುವ ನರಿಗಳನ್ನು ಹೊಡೆದು, ಒಂದೆರಡು ಮೊಲ ತರುತ್ತಿದ್ದರು. ಅವರ ಅಡುಗೆಮನೆಯ ವಾಸನೆಗೆ ನಾನು ಕಿಟಕಿ ಮುಚ್ಚುತ್ತಿದ್ದೆ. ಅವರು ಕಾಫಿಪುಡಿ ಕಳಿಸಿ ರಾಜಿ ಮಾಡಿಕೊಳ್ಳುತ್ತಿದ್ದರು.

ಹೋದ ವರ್ಷ ಶೆಡ್ಡಿನಲ್ಲಿ ಜಾರಿಬಿದ್ದು ಅವರ ಬಲ ಮಣಿಕಟ್ಟು ಮುರಿಯಿತು. ಮೂಳೆಯೇನೋ ಕೂಡಿತು, ಮಣಿಕಟ್ಟು ಮಾತ್ರ ತಿರುಗದಾಯಿತು. ಅವರದು ಬೋಲ್ಟ್ ಆ್ಯಕ್ಷನ್ ರೈಫಲ್. ಒಂದೊಂದು ಗುಂಡಿಗೂ ಬಲಗಡೆಯ ಹಿಡಿಯನ್ನು ಎತ್ತಿ, ಹಿಂದಕ್ಕೆಳೆದು, ಮುಂದಕ್ಕೆ ತಳ್ಳಿ, ಇಳಿಸಬೇಕು. ಟ್ರಿಗರ್ ಒತ್ತಲು ಬೆರಳು ಸರಿಯಿತ್ತು, ಹಿಡಿ ಎತ್ತಲು ಕೈ ಬರುತ್ತಿರಲಿಲ್ಲ. ಹುಡುಗನಾಗಿದ್ದಾಗಿನಿಂದ ಬೇಟೆಯಾಡಿದ ಮನುಷ್ಯ ಸಂಜೆಯೆಲ್ಲ ಸುಮ್ಮನೆ ಟೀವಿ ಮುಂದೆ ಕೂರತೊಡಗಿದರು. 

ಒಂದು ಶನಿವಾರ ಬಂದು ಕೇಳಿದರು. "ಸೆಮಿ ಆಟೋಮ್ಯಾಟಿಕ್ ಆದ್ರೆ ಟ್ರಿಗರ್ ಒತ್ತಿದ್ರೆ ಸಾಕು ಮೈಥಿಲಿಯವ್ರೇ, ಮುಂದಿನ ಗುಂಡು ತಾನೇ ಬಂದು ಕೂರುತ್ತೆ. ಅಂಗಡಿ ತನಕ ಸ್ವಲ್ಪ ಡ್ರೈವ್ ಮಾಡ್ತೀರಾ?"

ಕಾಲೇಜು ಓದುವ ಅವರ ಮಗಳು ಶರಣ್ಯಾಳೂ ಜೊತೆಗೆ ಬಂದಳು. ಹವ್ಯಾಸಿ ಬೇಟೆಗಾರರ ಲೈಸೆನ್ಸಿಗೆ ಸೆಮಿ ಆಟೋಮ್ಯಾಟಿಕ್ ಕೊಡುವಂತಿಲ್ಲ ಎಂದ ಅಂಗಡಿಯವನು. ಪೂವಯ್ಯನವರಿಗೂ ಅದು ಗೊತ್ತಿತ್ತು. ಕೈ ನೋಡಿಯಾದರೂ ಏನಾದರೊಂದು ದಾರಿ ಹೇಳಿಯಾನೆಂಬ ಆಸೆ, ಅಷ್ಟೆ. ಅವನು ಒಳಗಿನಿಂದ ಇನ್ನೊಂದು ಬೋಲ್ಟ್ ರೈಫಲ್ ತಂದಿಟ್ಟ. ಅದರ ಹಿಡಿ ಎಡಗಡೆಗಿತ್ತು, ಎಡಚರಿಗಾಗಿಯೇ ಮಾಡಿದ್ದು.

ಪೂವಯ್ಯ ಮುಟ್ಟಲಿಲ್ಲ. "ಕೋವಿ ನಮಗೆ ದೇವ್ರು. ಎಡಗೈಯಲ್ಲಿ ಹಿಡಿಯೋದಾ? ಬೇಡ, ನಡೀರಿ."

ನನಗೆ ಎಲ್ಲಿತ್ತೋ ಸಿಟ್ಟು. "ಮಡಿ ಅಂದ್ರೇನು ಅಂತ ನಮ್ಮಜ್ಜಿ ಹತ್ರ ಕಲಿತವಳು ನಾನು. ಅವರೂ ಇಷ್ಟು ಮಾಡ್ತಿರ್ಲಿಲ್ಲ ಬಿಡಿ," ಎಂದೆ.

ಶರಣ್ಯಾ ಎಡಚಿ. ಚಿಕ್ಕಂದಿನಲ್ಲಿ ಅವಳು ತಟ್ಟೆಗೆ ಎಡಗೈ ಹಾಕಿದಾಗಲೆಲ್ಲ ಪೂವಯ್ಯ "ಆ ಕೈ ಅಲ್ಲ" ಎಂದು ತಟ್ಟುತ್ತಿದ್ದುದನ್ನು ನಾನೇ ಕಂಡಿದ್ದೇನೆ. ಊಟ, ಪೂಜೆ, ದೊಡ್ಡವರಿಗೆ ನೀರು ಕೊಡುವುದು ಎಲ್ಲಕ್ಕೂ ಬಲಗೈ ರೂಢಿಸಿಕೊಂಡಿದ್ದಳು, ಪಾಪ. ಈಗ ಅಂಗಡಿಯವನನ್ನು ಕೇಳಿ ಖಾಲಿ ರೈಫಲನ್ನು ಎಡಭುಜಕ್ಕೆ ಕೊಟ್ಟು, ಎಡಗೈಯಿಂದ ಹಿಡಿ ಎತ್ತಿ ಎಳೆದು ತಳ್ಳಿದಳು. ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸಲೀಸು.

"ಇಟ್ಸ್ ಈಸಿ, ಅಪ್ಪ. ಐ ವಿಲ್ ಟೀಚ್ ಯೂ."

ಅವರು ಮಗಳ ಕೈಯನ್ನೇ ಬಹಳ ಹೊತ್ತು ನೋಡಿದರು. ಆಮೇಲೆ, "ಇದನ್ನೇ ಕೊಡು ಅನ್ನು," ಎಂದರು.

ಹೊಸ ರೈಫಲಿನ ಪರ್ಮಿಟ್ ಬರುವ ತನಕ ಮನೆಯಲ್ಲಿ ಅಪ್ಪನಿಗೆ ಎಡಗೈ ಪಾಠ ನಡೆಯಿತು. ಮೊದಲು ಚಮಚ, ಆಮೇಲೆ ಹಲ್ಲುಜ್ಜುವ ಬ್ರಷ್, ಆಮೇಲೆ ಪೆನ್ನು. ಅಂಗಿಯ ಮೇಲೆಲ್ಲ ಸಾರು. ಶೂಟಿಂಗ್ ರೇಂಜಿನಲ್ಲಿ ಮೊದಲ ಗುಂಡುಗಳು ಎಲ್ಲಿ ಹೋದವೋ ಶಿವನೇ ಬಲ್ಲ. ಚಳಿಗಾಲ ಕಳೆಯುವಷ್ಟರಲ್ಲಿ ಗುರಿ ಕೂತಿತು. ಫಾರ್ಮಿನವನೂ ಫೋನು ಮಾಡಿ, ಭಾನುವಾರ ಬಾ ಎಂದ.

ಅದರ ಹಿಂದಿನ ದಿನ ಅವರ ಮನೆಯಲ್ಲಿ ಕೈಲ್ ಮುಹೂರ್ತ, ಕೊಡವರು ಕೋವಿಗೆ ಪೂಜೆ ಮಾಡುವ ಹಬ್ಬ. ನನ್ನನ್ನೂ ಕರೆದಿದ್ದರು. ಚಾಪೆಯ ಮೇಲೆ ಹೊಸ ರೈಫಲ್, ನಳಿಗೆಯ ತುದಿಯಲ್ಲಿ ಹಿತ್ತಲಿನ ಹಳದಿ ವ್ಯಾಟಲ್ ಹೂ. ಗಂಧ ಇಡಲು ಪೂವಯ್ಯ ಮಗಳನ್ನು ಕರೆದರು. ಅವಳು ಅಭ್ಯಾಸದಂತೆ ಬಲಗೈ ಚಾಚಿದಳು.

"ಆ ಕೈ ಅಲ್ಲ," ಎಂದರು ಪೂವಯ್ಯ.

ಹುಡುಗಿ ಗಕ್ಕನೆ ನಿಂತಳು. ಅವರು ಗಂಧದ ಬಟ್ಟಲನ್ನು ಅವಳ ಎಡಗೈಯ ಹತ್ತಿರ ಹಿಡಿದರು.

"ನಿನ್ನ ಕೈಯಲ್ಲಿ ಇಡು, ಮಗಳೇ."