ಹೊಳಪು ಬಂದ ಕತ್ತಿ

“ಅಷ್ಟು ಒರಟು ಪೇಪರ್ ಹಾಕ್ಬೇಡಿ, ಗೀರು ಬೀಳ್ತದೆ” ಎಂದರು ಪಕ್ಕದಲ್ಲಿ ನಿಂತಿದ್ದ ವೃದ್ಧರು. ಅಪ್ಪನ ಕಾಲದ ತುಕ್ಕು ಹಿಡಿದ ಕ್ಷೌರದ ಕತ್ತಿಯನ್ನು ಕೈಯಲ್ಲೇ ಹಿಡಿದು, ಅದಕ್ಕೆಂದು ಹೊಸನಗರದ ಹಾರ್ಡ್‌ವೇರ್ ಅಂಗಡಿಯಲ್ಲಿ ಪಾಲಿಶ್ ಪೇಪರ್ ಕೊಳ್ಳುತ್ತಿದ್ದೆ. ಅವರೇ ತೀರಾ ನಯವಾದದ್ದನ್ನು ಆರಿಸಿ, ಮುಚ್ಚಿದ್ದ ತಮ್ಮ ಸಲೂನಿಗೆ ನನ್ನನ್ನು ಕರೆದೊಯ್ದರು. ಎಣ್ಣೆ ಸವರಿ ಉಜ್ಜಿದರು, ಕಲ್ಲಿನ ಮೇಲೆ ಮಸೆದರು. ಕತ್ತಿ ಹೊಳೆಯಿತು. ಆದರೂ ಕೈಗೆ ಕೊಡಲಿಲ್ಲ.

“ಒಂದ್ಸಲ ಕೂತ್ಕೊಳ್ತೀರಾ? ಅಂಗಡಿ ಮುಚ್ಚಿದ್ಮೇಲೆ ಒಬ್ರ ಮುಖಾನೂ ಮುಟ್ಟಿಲ್ಲ ನಾನು.”

ಅವರ ಕೈ ನಡುಗುತ್ತಿತ್ತು. ಹೆದರುತ್ತಲೇ ಕೂತೆ. ಎಡಗೈ ನನ್ನ ಕೆನ್ನೆಗೆ ತಾಗಿದ್ದೇ ತಡ, ನಡುಕ ನಿಂತುಹೋಯಿತು. ಕತ್ತಿ ಗಂಟಲಿನ ಮೇಲೆ ಹಗುರವಾಗಿ ಸರಿಯಿತು.

ವಾಪಸು ಬರುವ ಬಸ್ಸಿನಲ್ಲಿ ಕೆನ್ನೆ ಸವರಿಕೊಳ್ಳುತ್ತಾ ಕೂತಿದ್ದೆ. ಹೆಂಡತಿ ತೀರಿಹೋದ ಮೇಲೆ ನನ್ನ ಮುಖವನ್ನೂ ಯಾರೂ ಮುಟ್ಟಿರಲಿಲ್ಲ.