ಐನೂರು ಕಿಲೋಮೀಟರ್ ಎಲ್ಲಿಗೆ ಹೋಗೋದು

ಎಂಟು ತಿಂಗಳು ನಮ್ಮ ಮನೆಯಲ್ಲಿ ಒಂದೇ ಮಾತು. ಯಾವ ಗಾಡಿ ಎಷ್ಟು ಓಡುತ್ತದೆ? ಬೆಳಿಗ್ಗೆ ಚಹಾದ ಜೊತೆ ಅದು, ಸಂಜೆ ರೊಟ್ಟಿಯ ಜೊತೆ ಅದು. ನನ್ನ ಗಂಡ ಫೋನು ಹಿಡಿದು ಕೂತರೆ ಅದರೊಳಗೆ ಕಪ್ಪು ಕನ್ನಡಕದವನೊಬ್ಬ ಹಿಮದ ಬೆಟ್ಟದಲ್ಲಿ ಎಲೆಕ್ಟ್ರಿಕ್ ಕಾರು ಓಡಿಸುತ್ತ, ಒಮ್ಮೆ ಚಾರ್ಜ್ ಮಾಡಿದರೆ ಇಷ್ಟು ಕಿಲೋಮೀಟರ್ ಎಂದು ಕೂಗುತ್ತಿದ್ದ. ಹೊರಗೆ ಕೊಪ್ಪಳದ ಮೇ ತಿಂಗಳ ಬಿಸಿಲು, ಒಳಗೆ ನಾವು ಆ ಹಿಮ ನೋಡಬೇಕು. ಮೊದಲು ಮುನ್ನೂರು ಓಡುವ ಕಾರು ಇವರಿಗೆ ಹಿಡಿಸಿತು. ಇನ್ನೇನು ಬುಕ್ ಮಾಡುತ್ತಾರೆ ಅನ್ನುವಾಗ ನಾಲ್ಕುನೂರರದು ಬಂತು. ಅದರ ಬೆಲೆ ವಿಚಾರಿಸುವಷ್ಟರಲ್ಲಿ ಐನೂರರದು ಬರಲಿದೆಯೆಂದು ಸುದ್ದಿ. ನನಗಂತೂ ಸಾಕುಸಾಕಾಗಿ ಹೋಗಿತ್ತು.

ಮನೆಯಲ್ಲಿ ಕಾರು ಇರಲಿಲ್ಲವೆಂದಲ್ಲ. ಇತ್ತು. ಕೆಂಪು ಬಣ್ಣದ ಸಣ್ಣ ಎಲೆಕ್ಟ್ರಿಕ್ ಕಾರು, ತಂದು ಮೂರು ವರ್ಷವಾಗಿತ್ತು. ಪೂರ್ತಿ ಚಾರ್ಜ್ ಮಾಡಿ ಏಸಿ ಹಾಕಿಕೊಂಡು ಹೋದರೆ ನೂರೈವತ್ತು ಕಿಲೋಮೀಟರ್ ಓಡುತ್ತಿತ್ತು. ಅದನ್ನು ತಂದದ್ದು ಇವರು, ತಮಗಾಗಿ. ಮುನಿರಾಬಾದಿನ ನೀರಾವರಿ ಕಚೇರಿಗೆ ಒಂದು ತಿಂಗಳು ಅದರಲ್ಲೇ ಹೋಗಿ ಬಂದರು. ಪರದೆಯ ಮೇಲೆ ಚಾರ್ಜು ಶೇಕಡಾ ಐವತ್ತಕ್ಕಿಂತ ಕೆಳಗೆ ಇಳಿದರೆ ಸಾಕು, ಇವರಿಗೆ ಬೆವರು. ಒಂದು ದಿನ ಕೀಲಿಯನ್ನು ಗೋಡೆಯ ಮೊಳೆಗೆ ನೇತುಹಾಕಿ, ಇದು ಡಬ್ಬಿ, ಆಟಿಕೆ, ಎಂದು ಹೇಳಿ ಮತ್ತೆ ರೈಲು ಹಿಡಿದರು.

ಆ ಕೀಲಿ ನಾನು ತೆಗೆದುಕೊಂಡೆ. ಆಗ ನನಗೆ ನಲವತ್ತೆಂಟು.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ನನ್ನ ಶಾಲೆ ಇರುವುದು ಮಂಗಳೂರಿನ ಹತ್ತಿರದ ಒಂದು ಹಳ್ಳಿಯಲ್ಲಿ. ಕಡಲ ದಂಡೆಯ ಮಂಗಳೂರಲ್ಲ, ನಮ್ಮ ಯಲಬುರ್ಗಾ ಸೀಮೆಯದು. ಕೊಪ್ಪಳದಿಂದ ಹೋಗಿ ಬಂದರೆ ಎಂಬತ್ತು ಕಿಲೋಮೀಟರ್. ಹದಿನಾರು ವರ್ಷ ಅಲ್ಲಿಗೆ ಬಸ್ಸಿನಲ್ಲಿ ಓಡಾಡಿದೆ. ಆರೂವರೆಗೆ ಮನೆ ಬಿಡಬೇಕು, ಕುಕನೂರಿನಲ್ಲಿ ಇಳಿದು ಇನ್ನೊಂದು ಬಸ್ಸಿಗೆ ಕಾಯಬೇಕು, ಅದು ತಪ್ಪಿದರೆ ಟಂಟಂ ಆಟೋದಲ್ಲಿ ಹದಿಮೂರನೆಯವಳಾಗಿ ತುರುಕಿಕೊಳ್ಳಬೇಕು. ಸಂಜೆ ಮನೆ ಮುಟ್ಟುವಾಗ ಏಳೂವರೆ. ಸೊಂಟ ನನ್ನದಲ್ಲ, ಕಾಲು ನನ್ನದಲ್ಲ. ಆ ಹದಿನಾರು ವರ್ಷದಲ್ಲಿ ಒಂದು ದಿನವೂ ಬಿಸಿ ಚಹಾ ಕುಡಿದು ಶಾಲೆಗೆ ಹೋದದ್ದು ನೆನಪಿಲ್ಲ.

ಡ್ರೈವಿಂಗ್ ಸ್ಕೂಲಿಗೆ ಸೇರಿದಾಗ ನಮ್ಮ ಓಣಿಯ ಜನ ನಕ್ಕರು. ಮೊದಲ ವಾರವೇ ನಮ್ಮ ಗೇಟಿಗೆ ಗುದ್ದಿದೆ, ಅದರ ಗುರುತು ಇನ್ನೂ ಇದೆ. ಆದರೆ ಕ್ಲಚ್ಚಿಲ್ಲ, ಗೇರಿಲ್ಲ, ಕಾಲಿಟ್ಟರೆ ಹೋಗುತ್ತದೆ, ತೆಗೆದರೆ ನಿಲ್ಲುತ್ತದೆ. ಎರಡು ತಿಂಗಳಲ್ಲಿ ಕೈ ಕೂತಿತು. ಅಂದಿನಿಂದ ನಾನು ಎಂಟೂಕಾಲಿಗೆ ಮನೆ ಬಿಡುತ್ತೇನೆ. ಭಾನಾಪುರ ದಾಟಿದ ಮೇಲೆ ರಸ್ತೆ ಖಾಲಿ, ಎರಡೂ ಕಡೆ ಕಪ್ಪು ಮಣ್ಣಿನ ಎರಿ ಹೊಲ. ಗಾಜು ಏರಿಸಿ ಗಟ್ಟಿಯಾಗಿ ಹಾಡಿಕೊಳ್ಳುತ್ತೇನೆ, ಒಮ್ಮೊಮ್ಮೆ ಯಾರನ್ನೋ ಮನಸಾರೆ ಬೈಯುತ್ತೇನೆ, ಕೇಳುವವರಿಲ್ಲ. ದಿನದಲ್ಲಿ ಎರಡು ತಾಸು ನನ್ನದು ಅಂತ ಅನಿಸಿದ್ದು ಆ ಡಬ್ಬಿಯೊಳಗೇ.

ಇಷ್ಟು ಸುಖವಾಗಿ ನಡೆದಿದ್ದಕ್ಕೆ ಕಲ್ಲು ಬಿದ್ದದ್ದು ಕುಷ್ಟಗಿಯಲ್ಲಿ.

ಕುಷ್ಟಗಿಯಲ್ಲಿ ನನ್ನ ನಾದಿನಿಯ ಮನೆ, ಅಂದರೆ ಇವರ ಅಕ್ಕನದು. ಕಾರ್ತಿಕದ ಒಂದು ಭಾನುವಾರ ಮಧ್ಯಾಹ್ನ ಅಲ್ಲಿ ಊಟ, ಅಲ್ಲಿಂದ ಸಂಜೆ ಗಂಗಾವತಿಗೆ ಹೋಗಿ ಇವರ ಹಳೆಯ ಗೆಳೆಯರೊಬ್ಬರ ಮಗಳ ಆರತಕ್ಷತೆ ಮುಗಿಸಿ ಕೊಪ್ಪಳಕ್ಕೆ ವಾಪಸ್. ಇವರು ಆ ಗೆಳೆಯರ ಜೊತೆ ಹನ್ನೊಂದು ವರ್ಷ ಒಂದೇ ಕೋಣೆಯಲ್ಲಿ ಕೆಲಸ ಮಾಡಿದವರು, ಗಂಜಿ ಹಾಕಿದ ಅಂಗಿ ತೊಟ್ಟು ತಯಾರಾಗಿದ್ದರು. ಒಟ್ಟು ದಾರಿ ನೂರೈವತ್ತಕ್ಕಿಂತ ಹೆಚ್ಚಾಗುತ್ತಿತ್ತು. ಅದು ನನಗೆ ಗೊತ್ತಿರಲಿಲ್ಲವೇ? ಹಿಂದಿನ ದಿನವೇ ಕಾಗದದ ಮೇಲೆ ಲೆಕ್ಕ ಹಾಕಿದ್ದೆ. ಕುಷ್ಟಗಿ ಮುಟ್ಟುವಾಗ ಚಾರ್ಜು ಶೇಕಡಾ ಅರವತ್ತರ ಹತ್ತಿರ ಉಳಿಯುತ್ತದೆ, ಊಟ, ಮಾತು, ಚಹಾ ಅಂತ ನಾಲ್ಕು ತಾಸು ಹೇಗೂ ಕೂರುತ್ತೇವೆ, ಅಷ್ಟರಲ್ಲಿ ಕಾರು ಹೆಚ್ಚೂಕಡಿಮೆ ತುಂಬುತ್ತದೆ. ಲೆಕ್ಕ ಸರಿಯಾಗಿಯೇ ಇತ್ತು.

ನಾದಿನಿಯ ಮನೆಯಲ್ಲಿ ದಪ್ಪ ಪಿನ್ನು ಹಿಡಿಯುವ ಪ್ಲಗ್ ಇದ್ದದ್ದು ಒಂದೇ, ಅಡುಗೆಮನೆಯ ಗೋಡೆಯಲ್ಲಿ. ಕಿಟಕಿಯ ಸರಳಿನಿಂದ ವೈರು ಎಳೆದು ನಾನೇ ಹಚ್ಚಿದೆ, ಹಸಿರು ದೀಪ ಹತ್ತಿದ್ದು ನೋಡಿದೆ. ಆಮೇಲೆ ನಾದಿನಿಯ ಸೊಸೆ ತನ್ನ ಹೊಸ ಸೀರೆ ತೋರಿಸುತ್ತೇನೆಂದು ನನ್ನನ್ನು ಮಾಳಿಗೆಗೆ ಕರೆದೊಯ್ದಳು. ಕೆಳಗೆ ಅಕ್ಕ ತಮ್ಮ ಅಡುಗೆಮನೆಯಲ್ಲಿ ಮಾತಾಡುತ್ತ ಕೂತರು.

ಅನ್ನ ಸಾರು ಸಾಕು ಅಂತ ನಾನು ಫೋನಿನಲ್ಲೇ ಹೇಳಿದ್ದೆ. ಎಲೆಯ ಮುಂದೆ ಕೂತರೆ ಹೋಳಿಗೆ, ಕಟ್ಟಿನ ಸಾರು, ಬಟ್ಟಲು ತುಂಬ ತುಪ್ಪ. ನಮ್ಮ ಕಡೆ ತಮ್ಮ ಹೆಂಡತಿ ಸಮೇತ ಬಂದರೆ ಬರೀ ಅನ್ನ ಸಾರು ಉಣಿಸಿ ಕಳಿಸುವ ಅಕ್ಕ ಇನ್ನೂ ಹುಟ್ಟಿಲ್ಲ. ಹೋಳಿಗೆ ಬಾಯಲ್ಲಿಟ್ಟರೆ ಬೆಣ್ಣೆ, ಹೂರಣ ಅಷ್ಟು ನುಣ್ಣಗೆ. ನಾಲ್ಕು ತಿಂದೆ, ಐದನೆಯದನ್ನೂ ಬೇಡ ಅನ್ನಲಿಲ್ಲ. ಹೂರಣ ರುಬ್ಬುವ ಗ್ರೈಂಡರಿಗೂ ಬೇಕಾದದ್ದು ಅದೇ ದಪ್ಪ ಪ್ಲಗ್ ಅನ್ನುವುದು ಆಗ ನನ್ನ ತಲೆಗೆ ಹೊಳೆಯಲೇ ಇಲ್ಲ. ನಾಲ್ಕೂವರೆಗೆ ಹೊರಗೆ ಬಂದು ನೋಡಿದರೆ ಕಾರಿನ ವೈರು ಕಿಟಕಿಯ ಕೆಳಗೆ ಸುರುಳಿ ಸುತ್ತಿಕೊಂಡು ಬಿದ್ದಿದೆ. ಪರದೆಯ ಮೇಲೆ ಅರವತ್ತೊಂದು.

ನಾದಿನಿ ಬಾಯಿಗೆ ಸೆರಗು ಹಚ್ಚಿ ನಿಂತರು. ರುಬ್ಬುವ ಸಲುವಾಗಿ ಕಿತ್ತದ್ದು, ಮತ್ತೆ ಹಚ್ಚುವುದು ಮರೆತೇ ಹೋಯಿತು ಎಂದರು. ಹೋಳಿಗೆ ಉಣಿಸಿದ ಕೈಗೆ ಏನು ಹೇಳಲಿ? ಇರಲಿ ಬಿಡ್ರಿ ಅಕ್ಕ, ಅಂದೆ. ಹೊಟ್ಟೆಯಲ್ಲಿ ಬೆಂಕಿ, ಮೇಲೆ ತುಪ್ಪದ ತೇಗು. ಅರವತ್ತೊಂದರಲ್ಲಿ ಗಂಗಾವತಿ ಮುಟ್ಟಬಹುದಿತ್ತು, ಅಲ್ಲಿಂದ ಮನೆ ಮುಟ್ಟುವಂತಿರಲಿಲ್ಲ. ಗಂಗಾವತಿಯಲ್ಲಿ ಚಾರ್ಜರ್ ಇದೆಯೆಂದು ಫೋನೇನೋ ತೋರಿಸುತ್ತಿತ್ತು, ಆದರೆ ಹಿಂದೊಮ್ಮೆ ಹೋದಾಗ ಅದಕ್ಕೆ ಬೀಗ ಹಾಕಿದ್ದನ್ನು ನಾವೇ ಕಂಡಿದ್ದೆವು. ಸುಮ್ಮನೆ ಕೊಪ್ಪಳದ ದಾರಿ ಹಿಡಿದೆವು. ಇವರು ಪಕ್ಕದಲ್ಲಿ ಕೂತು ಗಂಜಿ ಹಾಕಿದ ಅಂಗಿಯ ತೋಳು ಮಡಚಿಕೊಂಡರು.

ಮರುದಿನದಿಂದ ಶುರುವಾಯಿತು ನೋಡಿ. ಗೆಳೆಯರು ಫೋನ್ ಮಾಡಿ ಯಾಕೆ ಬರಲಿಲ್ಲ ಅಂದರೆ, ಗಾಡಿಯ ದಮ್ಮು ಸಾಲಲಿಲ್ಲ. ಕಚೇರಿಯಲ್ಲಿ ಕೇಳಿದರೆ, ಸಣ್ಣ ಬ್ಯಾಟರಿ, ಏನು ಮಾಡುವುದು. ಓಣಿಯಲ್ಲೂ ಅದೇ ಕಥೆ. ಅಕ್ಕ ಪ್ಲಗ್ ಕಿತ್ತಳು ಅಂತ ಎಲ್ಲಿಯೂ ಬಾಯಿ ಬಿಡಲಿಲ್ಲ. ಅದು ನನಗೂ ಅರ್ಥವಾಗುತ್ತಿತ್ತು, ಅಕ್ಕನ ಮಾನ, ನಾನೂ ಹೇಳಲಿಲ್ಲ. ಆದರೆ ಏನೂ ಮಾಡದ ಕಾರಿನ ಮೇಲೆ ಎಲ್ಲ ಹೇರಿದರಲ್ಲ, ಅದು ನನಗೆ ಸಹಿಸಲಾಗಲಿಲ್ಲ.

ಒಂದು ಸಂಜೆ ನಾನು ಮೂರು ವರ್ಷದ ಓಡಾಟವನ್ನೆಲ್ಲ ಕಾಗದದ ಮೇಲೆ ಬರೆದು ಇವರ ಮುಂದಿಟ್ಟೆ. ಶಾಲೆ ಎಂಬತ್ತು. ಇಟಗಿಯ ಗುಡಿಗೆ ಶಾಲೆಯ ಮಕ್ಕಳನ್ನು ಕರೆದೊಯ್ದ ದಿನ ನೂರು ಚಿಲ್ಲರೆ. ದಾರಿಯಲ್ಲಿ ಚಾರ್ಜ್ ಸಾಲದೇ ಹೋದ ದಿನ ಒಂದೇ ಒಂದು, ಅದೂ ಹೋಳಿಗೆಯ ದಿನ. ಐನೂರು ಕಿಲೋಮೀಟರ್ ಎಲ್ಲಿಗೆ ಹೋಗುತ್ತೀರಿ ಅಂತ ಕೇಳಿದೆ. ಬೆಂಗಳೂರಿಗೆ ಅಂದರು. ಕಾರಿನಲ್ಲಿ ಒಂದು ತಾಸು ಕೂತರೆ ಬೆನ್ನು ಹಿಡಿದುಕೊಳ್ಳುವ ಮನುಷ್ಯ. ಬೆಂಗಳೂರಿಗೆ ನಾವು ಹುಟ್ಟಿದಾಗಿನಿಂದ ರೈಲಿನಲ್ಲೇ ಹೋದವರು. ಕಾಗದವನ್ನು ಮಡಚಿ ಕನ್ನಡಕದ ಡಬ್ಬಿಯ ಕೆಳಗಿಟ್ಟು ಮತ್ತೆ ಹಿಮದ ವಿಡಿಯೋ ಹಚ್ಚಿದರು.

ಹಳೆಯದನ್ನು ಕೊಟ್ಟು ಹೊಸದು ತರುವುದು ಅಂತ ಇವರು ನಿರ್ಧಾರ ಮಾಡಿದ್ದು ಗೊತ್ತಾದಾಗ, ಆಗಲಿ, ದೊಡ್ಡದನ್ನೇ ಶಾಲೆಗೆ ಒಯ್ಯುತ್ತೇನೆ ಅಂದೆ. ಆಗ ಬಂತು ಇವರ ಬಾಯಿಂದ ನಿಜವಾದ ಮಾತು.

“ಹೊಸಾ ಗಾಡಿ ಸಾಲಿಗೆ ಒಯ್ಯಾಕ ಬ್ಯಾಡ. ಆ ರಸ್ತಾದಾಗ ಹಾಳಾಗಿ ಹೊಕ್ಕೈತಿ. ಅಷ್ಟು ದೊಡ್ಡದು ನಿನಗ ಹೊಡಿಯಾಕೂ ಬರಂಗಿಲ್ಲ. ಬಸ್ ಐತಲ್ಲ ನಿನಗ.”

ಬಸ್ ಐತಲ್ಲ. ಎಷ್ಟು ಹಗುರವಾಗಿ ಅಂದರು. ಆ ರಾತ್ರಿ ರೊಟ್ಟಿ ಬಡಿಯುವಾಗ ನನ್ನ ಕೈಯ ಸಪ್ಪಳ ಮೂರು ಮನೆಗೆ ಕೇಳಿರಬೇಕು.

ನಮ್ಮ ಪಕ್ಕದ ಮನೆಯ ಚಾಚಾ ಟ್ರ್ಯಾಕ್ಟರ್, ಲಾರಿಗಳ ಬ್ಯಾಟರಿ ರಿಪೇರಿಯ ಅಂಗಡಿಯವರು, ಅವರ ತಂದೆಯ ಕಾಲದಿಂದ ಅದೇ ಕಸುಬು. ಇವರು ಅವರನ್ನು ಕರೆಸಿ, ಸಣ್ಣ ಬ್ಯಾಟರಿ ಕೆಲಸಕ್ಕೆ ಬಾರದ್ದು ಅಂತ ಅವರ ಬಾಯಿಂದ ಹೇಳಿಸಬೇಕೆಂದಿದ್ದರು. ಚಾಚಾ ಬಂದು ಕಾರು ನೋಡಿದರು, ನಾನು ಎಷ್ಟಕ್ಕೆ ಚಾರ್ಜ್ ಹಚ್ಚುತ್ತೇನೆ, ಎಷ್ಟಕ್ಕೆ ತೆಗೆಯುತ್ತೇನೆ ಅಂತ ಕೇಳಿಕೊಂಡರು, ಚಹಾ ಕುಡಿದರು.

“ಸಾಹೇಬ್ರ, ನೀವು ಐನೂರು ಅಂತೀರಿ, ಆರ್ನೂರು ಅಂತೀರಿ. ದಿನಾ ಹೊಡಿಯೋರು ಅಕ್ಕೋರು. ಅವರ್ನ ಒಂದ್ ಮಾತ್ ಕೇಳೀರೇನು?”

ನಮ್ಮ ಕಡೆ ಶಾಲೆಯ ಟೀಚರನ್ನು ಅಕ್ಕೋರು ಅನ್ನುತ್ತಾರೆ. ಇವರು ನಕ್ಕು, ಕಲರ್ ಅವಳೇ ಆರಿಸುತ್ತಾಳೆ ಬಿಡಿ, ಅಂದರು. ಚಾಚಾ ನನ್ನ ಮುಖ ನೋಡಿ ಕಪ್ಪು ಕೆಳಗಿಟ್ಟು ಎದ್ದುಹೋದರು.

ಶಾಲೆ ತೆರೆದ ಮೇಲಿನ ಒಂದು ಭಾನುವಾರ ಹೊಸಪೇಟೆಯ ಶೋರೂಮಿಗೆ ಹೋದೆವು. ಕೆಂಪು ಕಾರನ್ನು ನಾನೇ ಓಡಿಸಿಕೊಂಡು ಹೋದೆ. ಮಾರಲು ಒಯ್ಯುವ ದನದ ಹಗ್ಗ ನನ್ನ ಕೈಯಲ್ಲೇ ಕೊಟ್ಟ ಹಾಗಿತ್ತು. ಒಳಗೆ ಏಸಿಯಲ್ಲಿ ದೊಡ್ಡ ಬಿಳಿ ಕಾರು ನಿಂತಿತ್ತು. ಶೋರೂಮಿನವರು ಕೀಲಿಯನ್ನು ಇವರ ಕೈಗೆ ಕೊಟ್ಟರು, ಸುತ್ತು ಹಾಕಿಸಿಕೊಂಡು ಬಂದರು, ನನ್ನನ್ನು ಹಿಂದಿನ ಸೀಟಿನಲ್ಲಿ ಕೂರಿಸಿದರು. ಒಂದು ಹುಡುಗಿ ತಣ್ಣನೆ ನೀರು ತಂದುಕೊಟ್ಟು, ಬಣ್ಣಗಳ ಚೀಟಿ ನನ್ನ ತೊಡೆಯ ಮೇಲಿಟ್ಟು, ಮೇಡಂ ಕಲರ್ ಯಾವುದು ಅಂತ ಕೇಳಿದಳು. ಎಲ್ಲ ಮೊದಲೇ ಮಾತಾಡಿಕೊಂಡ ಹಾಗೆ.

ಆಮೇಲೆ ಹಳೆಯ ಗಾಡಿಯ ಕಾಗದ ಬಂತು. ಗಾಡಿ ಇದ್ದದ್ದು ನನ್ನ ಹೆಸರಿನಲ್ಲಿ, ಕಂತು ನನ್ನ ಪಗಾರದಲ್ಲಿ ಹೋಗುತ್ತಿದ್ದರಿಂದ. ನಾನು ಸಹಿ ಮಾಡದೆ ಅವರು ಅದನ್ನು ಇಟ್ಟುಕೊಳ್ಳುವಂತಿಲ್ಲ. ಆ ಹುಡುಗಿ ಪೆನ್ನು ಕೊಟ್ಟಳು. ನಾನು ಪೆನ್ನು ಹಿಡಿದೆ. ನಿಜ ಹೇಳುತ್ತೇನೆ, ಸಹಿ ಮಾಡಿಬಿಡುತ್ತಿದ್ದೆ. ಎಂಟು ತಿಂಗಳು ತಲೆ ತಿಂದಿದ್ದರು, ಜಗಳ ಸಾಕಾಗಿತ್ತು, ಬಸ್ಸಿನ ಟೈಮೂ ನೆನಪಿಸಿಕೊಂಡಿದ್ದೆ.

ಅಷ್ಟರಲ್ಲಿ ಇವರು ಹುರುಪಿನಲ್ಲಿ ಕುಷ್ಟಗಿಗೆ ಫೋನ್ ಹಚ್ಚಿದರು. ಕೈಯಲ್ಲಿ ಶೋರೂಮಿನವರು ಕೊಟ್ಟ ಪೇಡೆ, ಅದಕ್ಕೇ ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿದ್ದರು. ಐನೂರು ಕಿಲೋಮೀಟರ್ ಓಡುವ ಗಾಡಿ ತೆಗೆದುಕೊಳ್ಳುತ್ತಿದ್ದೇನೆ ಅಕ್ಕ, ಎಂದರು. ನಾದಿನಿಯ ದನಿ ಎಲ್ಲರಿಗೂ ಕೇಳಿಸಿತು.

“ಛಲೋ ಆತಪ್ಪ. ಅವತ್ತು ಗಂಗಾವತಿ ಮದುವಿ ತಪ್ಪಿದ್ದಕ್ಕ ನನ್ನ ಹೊಟ್ಟ್ಯಾಗ ಇನ್ನೂ ಚುರುಕ್ ಅಂತೈತಿ. ನಾ ಬ್ಯಾಡ ಅಂದೆ ನೋಡು. ಏನೂ ಆಗಂಗಿಲ್ಲ, ನೀ ಹೋಳಿಗಿ ಮಾಡು ಅಂತ ವೈರ್ ಕಿತ್ತು ಕೊಟ್ಟಾಂವ ನೀನಽ.”

ಇವರು ಪೇಡೆ ಹಿಡಿದುಕೊಂಡೇ ಇನ್ನೊಂದು ಕೈಯಿಂದ ಫೋನು ತಡಕಾಡಿ ಸ್ಪೀಕರ್ ಬಂದ್ ಮಾಡಿದರು. ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಏನು ಕಾಣುತ್ತಿತ್ತೋ ನನಗೇ ಗೊತ್ತಿಲ್ಲ. ಎಂಟು ತಿಂಗಳು ಕಾರಿನ ದಮ್ಮು, ಬ್ಯಾಟರಿಯ ದಮ್ಮು ಅಂತ ಊರೆಲ್ಲ ಸಾರಿದ ಮನುಷ್ಯ. ಅಕ್ಕನ ಮಾನ ಉಳಿಸುತ್ತಿದ್ದಾರೆ ಅಂತ ನಾನೂ ಬಾಯಿಗೆ ಬೀಗ ಹಾಕಿಕೊಂಡಿದ್ದೆ.

ಹುಡುಗಿಗೆ ಇದೇನೂ ತಿಳಿಯಲಿಲ್ಲ. ಪಾಪ, ಕಾಗದವನ್ನು ಇನ್ನಷ್ಟು ನನ್ನ ಹತ್ತಿರ ಸರಿಸಿ, ಸಹಿ ಇಲ್ಲಿ ಮೇಡಂ, ಕಲರ್ ಯಾವುದು ಅಂತಾನೂ ಹೇಳಿಬಿಡಿ, ಅಂದಳು. ನಾನು ಪೆನ್ನಿನ ಮುಚ್ಚಳ ಹಾಕಿ ಅವಳ ಕೈಗೆ ಕೊಟ್ಟೆ.

“ಕೆಂಪು, ತಂಗಿ. ಹೊರಗ ನಿಂತೈತಲ್ಲ, ಅದಽ.”

ವಾಪಸ್ ಬರುವಾಗ ಇವರು ಪಕ್ಕದ ಸೀಟಿನಲ್ಲಿ ಕೂತರು. ಹೊಳೆ ದಾಟಿ ಮುನಿರಾಬಾದ್ ಬಂದ ಮೇಲೆ, ಚಾರ್ಜು ಎಷ್ಟಿದೆ ಅಂತ ಮೆಲ್ಲಗೆ ಕೇಳಿದರು. ಪರದೆ ನೋಡಿ ಅರವತ್ತೊಂದು ಅಂದೆ.