ಗದ್ದೆಮ್ಮನನ್ನು ಹೊಳೆ ದಾಟಿಸಿದ ಮುದುಕಪ್ಪ

ಹೆಸರು ಮುದುಕಪ್ಪ, ವಯಸ್ಸು ಹದಿನಾರು, ಸಿಟ್ಟು ಮೂಗಿನ ತುದಿಯಲ್ಲಿ. ಮಾನ್ವಿಯ ಹೋಟೆಲಿನಲ್ಲಿ ಚಹಾ ಆರಿದೆಯೆಂದು ಕಪ್ಪು ಒಡೆದವನು, ರಾಯಚೂರು ಬಸ್ ನಿಲ್ದಾಣದಲ್ಲಿ ಕಂಡಕ್ಟರನ ಟೊಪ್ಪಿಗೆ ಕಿತ್ತುಕೊಂಡು ಓಡಿದವನು. ಇಂಥವನನ್ನು ದೇವದುರ್ಗ ತಾಲೂಕಿನ ಹೊಳೆದಂಡೆಯ ಆ ಸಣ್ಣ ಊರು ಹೇಗೋ ಸಹಿಸಿಕೊಂಡಿತ್ತು. ಎಪ್ಪತ್ತೇಳರ ಮಳೆಗಾಲದಲ್ಲಿ ಅವನು ಊರಿಗಿದ್ದ ಒಂದೇ ಹರಿಗೋಲಿಗೆ ಕುಡುಗೋಲು ಹಾಕಿದ.

ಕಾರಣವಿತ್ತು. ತಾಯಿಯಿಲ್ಲದ ಹುಡುಗ. ಇದ್ದೊಬ್ಬ ಅಪ್ಪ ಒಂದು ಮಾತೂ ಹೇಳದೆ, ಆಚೆ ದಂಡೆಯಿಂದ ಕೂಲಿಯವರ ಲಾರಿ ಹತ್ತಿ ಮುಂಬೈಗೆ ಹೊರಟಿದ್ದ. ಸುದ್ದಿ ತಿಳಿದು ಓಡಿ ಬಂದರೆ ಕೃಷ್ಣೆ ಕೆಂಪಗೆ ಏರುತ್ತಿದ್ದಳು. ಹರಿಗೋಲು ನಡೆಸುವ ವೆಂಕಣ್ಣ, "ಇವತ್ತು ಹೊಳಿಗೆ ಇಳಿಯಂಗಿಲ್ಲಪಾ" ಎಂದು ಬೀಡಿ ಹಚ್ಚಿದ. ಅಪ್ಪ ಕೈಗೆ ಸಿಗಲಿಲ್ಲ, ದಂಡೆಯಲ್ಲಿ ಬೋರಲು ಹಾಕಿದ್ದ ಹರಿಗೋಲು ಸಿಕ್ಕಿತು. ವೆಂಕಣ್ಣ ಊಟಕ್ಕೆ ಹೋದದ್ದೇ ತಡ, ಮುದುಕಪ್ಪ ಅದರ ತೊಗಲನ್ನು ಉದ್ದಕ್ಕೂ ಸೀಳಿ, ಒಳಗಿನ ಬಿದಿರನ್ನೂ ತುಳಿದು ಮುರಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುವುದು ಇದಕ್ಕೇ.

ನೀರು ಇಳಿದ ದಿನ ಅದೇ ಊರಿನ ಮುದುಕಿ ಗದ್ದೆಮ್ಮ ಗಂಟು ಹೊತ್ತು ದಂಡೆಗೆ ಬಂದಳು. ಆಚೆ ದಂಡೆಯ ಊರಿನಲ್ಲಿ ಮಗಳು ಪಾರ್ವತೆಮ್ಮನಿಗೆ ದಿನ ತುಂಬಿತ್ತು. ಮೊದಲ ಕೂಸು ಉಳಿದಿರಲಿಲ್ಲ, "ಯವ್ವಾ, ನೀ ಬಂದ್ರನ ನನಗ ಧೈರ್ಯ" ಎಂದು ಹೇಳಿ ಕಳಿಸಿದ್ದಳು. ನೋಡಿದರೆ ಹರಿಗೋಲು ಸೀಳಿ ಬಿದ್ದಿದೆ. ಸುತ್ತು ಹಾಕಿ ಹೋಗೋಣವೆಂದರೆ ಆ ಕೆಸರಿಗೆ ಬಸ್ಸೂ ಇಲ್ಲ. ಪಾರ್ವತೆಮ್ಮ ತಾಯಿಯನ್ನು ಕೂಗುತ್ತಲೇ ಹೆತ್ತಳು. ತಾಯಿ ಮಗು ಇಬ್ಬರೂ ಉಳಿದದ್ದು ಪುಣ್ಯ.

ಬೇವಿನ ಕಟ್ಟೆಯ ಮೇಲೆ ಪಂಚಾಯ್ತಿ ಕೂತಿತು. ಹಿರಿಯ ಕನಕರಾಯ ಠಾಣೆಯ ಮಾತೆತ್ತಿದ.

"ಪೊಲೀಸರು ಇವನ್ನ ಬಡೀತಾರ, ಖರೆ" ಎಂದ ವೆಂಕಣ್ಣ. "ಬಡದ್ರ ಹರಿಗೋಲು ಆಗತದೇನ್ರಿ? ನನ್ನ ಜೋಡಿ ಕುಂತು ಹೊಸಾದು ಕಟ್ಟಲಿ."

ಗದ್ದೆಮ್ಮ ಎದ್ದು ನಿಂತಳು. "ಕಟ್ಟಿದ್ರ ಸಾಲಂಗಿಲ್ಲ. ಇವನೇ ಹುಟ್ಟು ಹಾಕಿ ನನ್ನ ದಾಟಸಬೇಕು. ಅಲ್ಲೀತನಕ ನಾ ಬಸ್ಸು ಹತ್ತಂಗಿಲ್ಲ, ಮೊಮ್ಮಗಳ ಮಾರಿ ನೋಡಂಗಿಲ್ಲ."

ಊರೆಲ್ಲ ಬೇಡವೆಂದಿತು. ಮುದುಕಿ ಜಪ್ಪಯ್ಯ ಎನ್ನಲಿಲ್ಲ. "ಕಬೂಲೇನಲೇ?" ಎಂದು ಕನಕರಾಯ ಕೇಳಿದ್ದಕ್ಕೆ ಮುದುಕಪ್ಪ ನೆಲಕ್ಕೆ ಉಗುಳಿದ. ಅದನ್ನೇ ಒಪ್ಪಿಗೆ ಎಂದು ತಿಳಿದು ಹಿರಿಯರು ಎಲೆ ಅಡಿಕೆ ಹಂಚಿದರು.

ಊರಲ್ಲಿದ್ದರೆ ಇವನು ದಿನಕ್ಕೊಂದು ಜಗಳ ತೆಗೆಯುತ್ತಾನೆಂದು, ಈಚೆ ಮಗ್ಗುಲಿನ ನೀರು ನಡೆದು ದಾಟುವಷ್ಟು ತಗ್ಗಿದ ಮೇಲೆ ವೆಂಕಣ್ಣ ಅವನ ತಲೆಯ ಮೇಲೆ ಬಿದಿರು ಹೊರಿಸಿ ಹೊಳೆಯ ನಡುಗಡ್ಡೆಗೆ ಕರೆದೊಯ್ದ. ಅಲ್ಲಿದ್ದುದು ಜಾಲಿ, ಬಂಡೆ, ನೀರುನಾಯಿ. ವೆಂಕಣ್ಣ ಬೈಗುಳಕ್ಕೆ ಕಿವಿಗೊಡುವವನಲ್ಲ, ಬೇರೆ ಬೈಯಲು ಒಬ್ಬ ನರಮನುಷ್ಯನಿಲ್ಲ. ಮುದುಕಪ್ಪ ಬಂಡೆಗೇ ಬೈದ. ಬಿಸಿಲು ಕಾಯಿಸುತ್ತಿದ್ದ ಮೊಸಳೆಯೊಂದು ಬಾಯಿ ತೆರೆದುಕೊಂಡು ತನ್ನನ್ನೇ ಅಣಕಿಸುತ್ತಿದೆ ಎನ್ನಿಸಿ ಕಲ್ಲು ಬೀಸಿದ. ಮೊಸಳೆ ಸದ್ದಿಲ್ಲದೆ ನೀರಿಗೆ ಜಾರಿತು. ಅದು ಎಲ್ಲಿ ಏಳುತ್ತದೋ ಎಂದು ಈ ಶೂರ ಸಂಜೆಯವರೆಗೂ ಬಂಡೆಯ ನೆತ್ತಿ ಬಿಟ್ಟು ಇಳಿಯಲಿಲ್ಲ. ಮುಂದೆ ಎಂಬತ್ತರ ದಶಕದುದ್ದಕ್ಕೂ ಆ ಹೊಳೆಯಲ್ಲಿ ಜನರನ್ನು ದಾಟಿಸಿದವನು ಇವನೇ ಎಂದರೆ ಆ ದಿನ ಮೊಸಳೆಯೂ ನಂಬುತ್ತಿರಲಿಲ್ಲ.

ಸಿಟ್ಟಿನಲ್ಲಿ ಎಳೆದರೆ ಬಿದಿರು ಸೀಳುತ್ತಿತ್ತು. ಬಿಚ್ಚಬೇಕು, ಮತ್ತೆ ಹೆಣೆಯಬೇಕು. ಹೇಗೋ ಬುಟ್ಟಿಯಾಯಿತು, ಹೊಸ ತೊಗಲು ಹೊದಿಸಿದ್ದಾಯಿತು. ನೀರಿಗಿಳಿದರೆ ಇನ್ನೊಂದು ಫಜೀತಿ. ಹಲ್ಲು ಕಚ್ಚಿ ಒಂದೇ ಮಗ್ಗುಲಿಗೆ ಹುಟ್ಟು ಬಡಿದರೆ ದುಂಡನೆಯ ಹರಿಗೋಲು ಇದ್ದಲ್ಲೇ ಗಾಣದಂತೆ ತಿರುಗುತ್ತದೆ. ಬಡಿದಷ್ಟೂ ತಿರುಗಿತು. ತಲೆ ಸುತ್ತಿ ಉಂಡದ್ದನ್ನೆಲ್ಲ ಕಾರಿಕೊಂಡ.

"ಹೊಳಿ ನಿಮ್ಮಪ್ಪ ಅಲ್ಲಲೇ, ಬಡೀಬ್ಯಾಡ" ಎಂದ ವೆಂಕಣ್ಣ ದಡದಿಂದ. "ಮುಂದ ಹಾಕು, ನಿನ್ನ ಕಡೆ ಎಳಕೋ."

ಹುಡುಗ ಹುಟ್ಟು ಬಿಟ್ಟು ಕೂತ. ಆಚೆ ದಂಡೆಯ ಕಡೆ ಮುಖ ಮಾಡಿ, "ಹೇಳಿಯಾರ ಹೋಗಬೇಕಿತ್ತಲ್ಲೋ ಯಪ್ಪಾ" ಎಂದು ಕೂಗಿ, ಗೊಳೋ ಎಂದು ಅತ್ತ. ವೆಂಕಣ್ಣ ಬಾಯಲ್ಲೇ ಇದ್ದ ಬೀಡಿಯನ್ನು ಕಿಸೆಯಲ್ಲಿ ಹುಡುಕುತ್ತಾ ನಿಂತ.

ಸಂಕ್ರಾಂತಿ ಮುಗಿದ ಮೇಲೆ ಗದ್ದೆಮ್ಮ ಹರಿಗೋಲು ಹತ್ತಿದಳು. "ಮುಳುಗಿಸಿದ್ಯೋ, ದೆವ್ವಾಗಿ ಬಂದು ಬಡಕೋತೀನಿ" ಎಂದು ಅಂಚನ್ನು ಗಟ್ಟಿಯಾಗಿ ಹಿಡಿದಳು. ಹರಿಗೋಲು ಎರಡು ಸಲ ಗಿರಕಿ ಹೊಡೆಯಿತು, ಮುದುಕಿ ಹತ್ತು ಸಲ ಬೈದಳು, ಆದರೂ ದಂಡೆ ಮುಟ್ಟಿತು.

ಪಾರ್ವತೆಮ್ಮ ಕೂಸನ್ನೆತ್ತಿಕೊಂಡು ನೀರಂಚಿಗೇ ಬಂದಿದ್ದಳು. ಕೂಸನ್ನು ತಾಯಿಯ ಮಡಿಲಿಗೆ ಹಾಕಿ ಹುಡುಗನ ಕಡೆ ತಿರುಗಿದಳು.

"ಹರಿಗೋಲು ಸೀಳಿದವ ನೀನೇನಲೇ?"

"ಹೌದು ಯಕ್ಕಾ. ನಾನ. ತಪ್ಪಾತು."

ಕಪಾಳಕ್ಕೆ ಫಟಾರನೆ ಬಾರಿಸಿದಳು. ಗದ್ದೆಮ್ಮ ಯಾವುದಕ್ಕೂ ಇರಲಿ ಎಂದು ಅವನ ಕೈಯಿಂದ ಹುಟ್ಟು ಕಿತ್ತುಕೊಂಡಳು. ಮುದುಕಪ್ಪ ಕೈಯೆತ್ತಲಿಲ್ಲ, ಓಡಲೂ ಇಲ್ಲ. ಪಾರ್ವತೆಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ನಡಿ, ಉಣ್ಣು ನಡಿ" ಎಂದಳು.

ಜೋಳದ ರೊಟ್ಟಿ, ಪುಂಡಿಪಲ್ಯ. ಏಟು ಬಿದ್ದ ದವಡೆ ಏಳುತ್ತಿರಲಿಲ್ಲ, ಇನ್ನೊಂದರಲ್ಲೇ ಅಗಿದ. ಎರಡನೇ ರೊಟ್ಟಿಯನ್ನು ತಾನೇ ಕೇಳಿ ಹಾಕಿಸಿಕೊಂಡ.